ಫ್ರಾಸ್ಟ್ ಬಿದ್ದ ಬೆಳಿಗ್ಗೆ ಲಂಡನ್ ಪಾರ್ಕಿನಲ್ಲಿ ಹಕ್ಕಿ ನೋಡುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಲಂಡನ್ನಿನಲ್ಲಿರುವ ನಮ್ಮವರಿಂದ ಪ್ರತಿ ಚಳಿಗಾಲವೂ ಇದೇ ದೂರು. ಬೆಳಿಗ್ಗೆ ಬೇಗ ಎದ್ದು ಪಾರ್ಕಿಗೆ ಹೋದೆ, ಪೂರ್ತಿ ಒಂದು ಸುತ್ತು ಹಾಕಿದೆ, ಪಾರಿವಾಳ, ಕಾಗೆ, ನಾಲ್ಕು ಬಾತು ಬಿಟ್ಟರೆ ಏನೂ ಕಾಣಲಿಲ್ಲ, ಬೆರಳು ಮಾತ್ರ ಮರಗಟ್ಟಿತು. ಹಕ್ಕಿ ಇಲ್ಲದೆ ಹೀಗಾಗುವುದಲ್ಲ. ಫ್ರಾಸ್ಟ್, ಅಂದರೆ ಹುಲ್ಲು ನೆಲದ ಮೇಲೆ ಬೆಳ್ಳಗೆ ಹೆಪ್ಪುಗಟ್ಟುವ ಇಬ್ಬನಿ, ಬಿದ್ದ ದಿನ ಹಕ್ಕಿಗಳು ಪಾರ್ಕಿನ ತುಂಬ ಹರಡಿಕೊಂಡಿರುವುದಿಲ್ಲ. ಎಲ್ಲಿ ಬಿಸಿಲು ಬಿತ್ತು, ಎಲ್ಲಿ ನೆಲ ಸಡಿಲವಾಯಿತು, ಎಲ್ಲಿ ನೀರು ಇನ್ನೂ ಗಟ್ಟಿಯಾಗಿಲ್ಲ, ಅಲ್ಲಿಗೆ ಬಂದು ಗುಂಪಾಗುತ್ತವೆ. ಆ ಮೂರು ಜಾಗಗಳಿಗೆ ಸರಿಯಾದ ಹೊತ್ತಿಗೆ, ಸರಿಯಾದ ಕ್ರಮದಲ್ಲಿ ಹೋದರೆ ಎರಡೂವರೆ ಗಂಟೆ ಸಾಕು. ವಾಕಿಂಗ್ ಮಾಡಿದ ಹಾಗೆ ಸುತ್ತಿದರೆ ಇಡೀ ದಿನವೂ ಸಾಲದು.

ಉದಾಹರಣೆಗಳೆಲ್ಲ ಲಂಡನ್ನಿನವು. ಆದರೆ ಕೆರೆ, ಹಳೆಯ ಮರ, ಹುಲ್ಲು ಮೂರೂ ಇರುವ ಇಂಗ್ಲೆಂಡಿನ ಯಾವ ಪಾರ್ಕಿನಲ್ಲಾದರೂ ಈ ಕ್ರಮ ನಡೆಯುತ್ತದೆ.

ಹಂತ 1: ದಿನ ಮತ್ತು ಹೊತ್ತು ಆರಿಸಿ

ಊರಿನ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಬೆಂಗಳೂರಿನಲ್ಲಿ ಹಕ್ಕಿ ನೋಡುವವರು ಆರೂವರೆಗೆಲ್ಲ ಕೆರೆ ಹತ್ತಿರ ಇರುತ್ತಾರೆ. ಲಂಡನ್ನಿನಲ್ಲಿ ಡಿಸೆಂಬರ್ ಕೊನೆಗೆ ಸೂರ್ಯ ಹುಟ್ಟುವುದೇ ಎಂಟು ಗಂಟೆ ದಾಟಿದ ಮೇಲೆ. ಆರೂವರೆಗೆ ಹೋದರೆ ಕತ್ತಲಲ್ಲಿ ನಿಂತು ನಡುಗಬೇಕು ಅಷ್ಟೇ. ಎಷ್ಟೋ ಪಾರ್ಕುಗಳ ಗೇಟು ಕೂಡ ಆಗ ತೆರೆದಿರುವುದಿಲ್ಲ, ಚಳಿಗಾಲದ ಸಮಯವನ್ನು ಹಿಂದಿನ ದಿನವೇ ನೋಡಿಕೊಳ್ಳಿ.

ಎಂಟೂಕಾಲಿಗೆ ಪಾರ್ಕಿನ ಒಳಗಿರಿ, ಹನ್ನೊಂದರ ಹೊತ್ತಿಗೆ ಮುಗಿಸಿ. ಡಿಸೆಂಬರಿನಲ್ಲಿ ಇಲ್ಲಿನ ರಾತ್ರಿ ಹದಿನಾರು ಗಂಟೆ. ಗೋಲ್ಡ್‌ಕ್ರೆಸ್ಟ್ ಎಂಬ ಹಕ್ಕಿ ಐದಾರು ಗ್ರಾಂ ತೂಗುತ್ತದೆ. ಅಷ್ಟು ಸಣ್ಣ ಮೈ ಅಷ್ಟು ಉದ್ದ ರಾತ್ರಿಯನ್ನು ಕಳೆಯಬೇಕಾದರೆ ಹಗಲಲ್ಲಿ ತಿಂದು ಮಾಡಿಕೊಂಡ ಕೊಬ್ಬನ್ನೆಲ್ಲ ಕರಗಿಸಬೇಕು. ಹಾಗಾಗಿ ಬೆಳಕಾದ ತಕ್ಷಣ ಸಣ್ಣ ಹಕ್ಕಿಗಳಿಗೆ ತಿನ್ನುವುದು ಬಿಟ್ಟು ಬೇರೆ ಯೋಚನೆ ಇರುವುದಿಲ್ಲ, ನಿಮ್ಮನ್ನು ಕಂಡರೂ ಅಷ್ಟಾಗಿ ಹೆದರುವುದಿಲ್ಲ. ಬೆಳಿಗ್ಗೆ ಆಗದಿದ್ದರೆ ಮಧ್ಯಾಹ್ನ ಎರಡೂವರೆಯಿಂದ ಮೂರೂವರೆವರೆಗೆ ಇನ್ನೊಂದು ಅವಕಾಶ ಇದೆ, ಮಲಗುವ ಮುಂಚೆ ಮತ್ತೆ ಹೊಟ್ಟೆ ತುಂಬಿಸಿಕೊಳ್ಳುವ ಹೊತ್ತು ಅದು. ನಾಲ್ಕಕ್ಕೆಲ್ಲ ಕತ್ತಲು.

ಹವಾಮಾನದ ಆಪ್‌ನಲ್ಲಿ ಮೂರು ವಿಷಯ ನೋಡಿ: ರಾತ್ರಿ ಮೋಡ ಇರಬಾರದು, ಉಷ್ಣತೆ ಸೊನ್ನೆಗಿಂತ ಕೆಳಗಿರಬೇಕು, ಗಾಳಿ ಇರಬಾರದು. ಮೂರರಲ್ಲಿ ಗಾಳಿಯೇ ಮುಖ್ಯ. ಚಳಿ ಎಷ್ಟಿದ್ದರೂ ಹಕ್ಕಿ ಕಾಣುತ್ತದೆ, ಗಾಳಿ ಬೀಸಿದರೆ ಎಲ್ಲ ಎಲೆಗಳೂ ಹಕ್ಕಿಯಂತೆ ಅಲ್ಲಾಡುತ್ತವೆ, ಕೂಗೂ ಕೇಳುವುದಿಲ್ಲ. ಫ್ರಾಸ್ಟ್ ಸತತವಾಗಿ ಎರಡು ಮೂರು ದಿನ ಬಿದ್ದಿದ್ದರೆ ಇನ್ನೂ ಒಳ್ಳೆಯದು. ಹಳ್ಳಿ ಕಡೆಯ ಹೊಲಗಳು ಗಟ್ಟಿಯಾದಾಗ ಸ್ವಲ್ಪ ಬೆಚ್ಚಗಿರುವ ನಗರದ ಪಾರ್ಕುಗಳಿಗೆ ಹಕ್ಕಿಗಳು ಬರುತ್ತವೆ.

ಹಂತ 2: ಬಟ್ಟೆ, ಬೂಟು, ಚೀಲ

ಸೋಲುವವರಲ್ಲಿ ಅರ್ಧ ಜನ ಸೋಲುವುದು ಇಲ್ಲೇ. ವಾಕಿಂಗ್‌ಗೆ ಹಾಕುವ ಬಟ್ಟೆ ಇದಕ್ಕೆ ಸಾಲದು, ಯಾಕೆಂದರೆ ನೀವು ನಡೆಯುವುದಕ್ಕಿಂತ ನಿಲ್ಲುವುದೇ ಜಾಸ್ತಿ. ನಿಂತರೆ ಹತ್ತು ನಿಮಿಷದಲ್ಲಿ ಚಳಿ ಪಾದದಿಂದ ಏರುತ್ತದೆ. ಕಾಟನ್ ಸಾಕ್ಸ್ ಬೇಡ, ಒದ್ದೆಯಾದರೆ ಒಣಗುವುದೇ ಇಲ್ಲ. ಒಂದು ಜೊತೆ ಉಣ್ಣೆ ಸಾಕ್ಸ್, ಅದು ಹಿಡಿಯುವಷ್ಟು ಸಡಿಲವಾದ, ಹಿಡಿತವಿರುವ ಅಟ್ಟೆಯ ಬೂಟು. ಬಿಗಿಯಾದ ಬೂಟಿಗೆ ಎರಡು ಜೊತೆ ಸಾಕ್ಸ್ ತುರುಕಿದರೆ ರಕ್ತ ಓಡಾಡದೆ ಕಾಲು ಇನ್ನಷ್ಟು ತಣ್ಣಗಾಗುತ್ತದೆ.

ಮೇಲೆ ಮೂರು ಪದರ: ಮೈಗೆ ಅಂಟುವ ಥರ್ಮಲ್, ಅದರ ಮೇಲೆ ಸ್ವೆಟರ್ ಅಥವಾ ಫ್ಲೀಸ್, ಹೊರಗೆ ಗಾಳಿ ತಡೆಯುವ ಜಾಕೆಟ್. ಕೈ ಎತ್ತಿದಾಗಲೆಲ್ಲ ಜಾಕೆಟ್ ಸರಬರ ಅನ್ನುತ್ತಿದ್ದರೆ ಅದನ್ನು ಬಿಟ್ಟು ಬೇರೆ ಹಾಕಿ. ಕೈಗೆ ಒಳಗೊಂದು ತೆಳು ಗ್ಲೌಸ್, ಮೇಲೊಂದು ದಪ್ಪದ್ದು. ದಪ್ಪದ್ದನ್ನು ಮಾತ್ರ ತೆಗೆದು ಬೈನಾಕ್ಯುಲರ್ ತಿರುಗಿಸಬೇಕು.

ಇನ್ನು ಮಂಕಿ ಕ್ಯಾಪ್. ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವಾಗ ಇದು ತಲೆನೋವಿನ ವಿಷಯ, ಬೇಡ ಅಂದರೆ ಕೇಳುವುದಿಲ್ಲ. ಹಾಕಿಕೊಳ್ಳಲಿ. ಆದರೆ ಹಕ್ಕಿ ಹುಡುಕುವವರು ನೀವಾದರೆ ಕಿವಿ ಪೂರ್ತಿ ಮುಚ್ಚಬೇಡಿ. ಇಲ್ಲಿನ ಸಣ್ಣ ಹಕ್ಕಿಗಳ ಕೂಗು ತೆಳು, ಮೊದಲು ಕಿವಿಗೆ ಬಿದ್ದು ಆಮೇಲೆ ಕಣ್ಣಿಗೆ ಬೀಳುತ್ತವೆ. ತೆಳುವಾದ ಉಣ್ಣೆ ಟೋಪಿ ಸಾಕು, ಒಂದು ಜಾಗದಲ್ಲಿ ನಿಂತಾಗ ಕಿವಿಯ ಮೇಲೆ ಸರಿಸಿಕೊಳ್ಳಿ.

ಚೀಲದಲ್ಲಿ ಫ್ಲಾಸ್ಕಿನಲ್ಲಿ ಬಿಸಿ ಟೀ, ತಿನ್ನಲು ಏನಾದರೂ, ಲೆನ್ಸ್ ಒರೆಸುವ ಒಣ ಬಟ್ಟೆ, ಸಣ್ಣ ನೋಟ್‌ಬುಕ್, ಪೆನ್ಸಿಲ್. ಚಳಿಗೆ ಬಾಲ್‌ಪೆನ್ ಎಷ್ಟೋ ಸಲ ಬರೆಯುವುದಿಲ್ಲ. ಫೋನನ್ನು ಒಳಜೇಬಿನಲ್ಲಿ, ಮೈಶಾಖಕ್ಕೆ ತಾಗುವಂತೆ ಇಡಿ. ಹೊರಜೇಬಿನಲ್ಲಿದ್ದರೆ ಅರ್ಧ ಚಾರ್ಜ್ ತೋರಿಸುತ್ತಿದ್ದ ಫೋನು ದಿಢೀರಂತ ಆಫ್ ಆಗಬಹುದು.

ಹಂತ 3: ಬೈನಾಕ್ಯುಲರ್ ಮನೆಯಲ್ಲೇ ಹೊಂದಿಸಿ

8×42 ಅಥವಾ 8×32 ಸಾಕು. ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದು, ಎರಡನೆಯದು ಮುಂದಿನ ಲೆನ್ಸಿನ ಅಗಲ, ಮಿಲಿಮೀಟರಿನಲ್ಲಿ. ಜಾಸ್ತಿ ದೊಡ್ಡದಾಗಿ ಕಾಣಲಿ ಅಂತ 12ರದ್ದು ಕೊಳ್ಳುವವರಿದ್ದಾರೆ. ಚಳಿಗೆ ಕೈ ನಡುಗಿದಾಗ ಚಿತ್ರವೂ ಹನ್ನೆರಡು ಪಟ್ಟು ನಡುಗುತ್ತದೆ, ಹಕ್ಕಿ ಸಿಗುವುದೇ ಇಲ್ಲ.

ಹೊಂದಿಸುವ ಕ್ರಮ ಇದು. ಕನ್ನಡಕ ಇದ್ದರೆ ಕಣ್ಣಿನ ಹತ್ತಿರದ ರಬ್ಬರ್ ಕಪ್ಪನ್ನು ಒಳಗೆ ತಿರುಗಿಸಿ, ಇಲ್ಲದಿದ್ದರೆ ಹೊರಗೆ ಎಳೆಯಿರಿ. ಎರಡೂ ವೃತ್ತಗಳು ಒಂದೇ ವೃತ್ತವಾಗಿ ಕಾಣುವವರೆಗೆ ಬೈನಾಕ್ಯುಲರನ್ನು ಮಡಚಿ. ಈಗ ಮುಂದಿನ ಬಲ ಲೆನ್ಸನ್ನು ಅಂಗೈಯಿಂದ ಮುಚ್ಚಿ, ಎಡಗಣ್ಣಿಂದ ದೂರದ ಬೋರ್ಡಿನ ಅಕ್ಷರ ನೋಡುತ್ತಾ ನಡುವಿನ ಚಕ್ರ ತಿರುಗಿಸಿ. ಸ್ಪಷ್ಟವಾದ ಮೇಲೆ ಎಡ ಲೆನ್ಸ್ ಮುಚ್ಚಿ, ನಡುವಿನ ಚಕ್ರ ಮುಟ್ಟದೆ, ಬಲಗಣ್ಣಿನ ಹತ್ತಿರದ ಬಳೆಯನ್ನು ಮಾತ್ರ ತಿರುಗಿಸಿ ಅದೇ ಅಕ್ಷರ ಸ್ಪಷ್ಟ ಮಾಡಿಕೊಳ್ಳಿ. ಆಮೇಲೆ ಆ ಬಳೆಯನ್ನು ಮುಟ್ಟುವ ಹಾಗಿಲ್ಲ, ಎಲ್ಲಕ್ಕೂ ನಡುವಿನ ಚಕ್ರವೇ. ಕೆಲವು ಮಾಡೆಲ್‌ಗಳಲ್ಲಿ ಬಳೆ ಬೇರೆ ಕಡೆ ಇರುತ್ತದೆ, ಕೈಪಿಡಿ ನೋಡಿ. ಈ ಎರಡು ನಿಮಿಷದ ಕೆಲಸ ಮಾಡದವರೇ ನನ್ನ ಬೈನಾಕ್ಯುಲರ್ ಸರಿಯಿಲ್ಲ ಅನ್ನುವುದು.

ಹಕ್ಕಿಯನ್ನು ಬೈನಾಕ್ಯುಲರಿನಲ್ಲಿ ಹುಡುಕಬೇಡಿ. ಬರಿಗಣ್ಣಲ್ಲಿ ಹಕ್ಕಿ ನೋಡಿ, ಕಣ್ಣು ಕದಲಿಸದೆ ಬೈನಾಕ್ಯುಲರನ್ನು ಕಣ್ಣಿಗೆ ತನ್ನಿ. ಕಿಟಕಿಯಿಂದ ಪಾರಿವಾಳದ ಮೇಲೆ ಸ್ವಲ್ಪ ಅಭ್ಯಾಸ ಮಾಡಿಕೊಂಡು ಹೊರಡಿ.

ಪಾರ್ಕಿನಲ್ಲಿ ಅದನ್ನು ಜಾಕೆಟ್ಟಿನ ಹೊರಗೇ ನೇತುಹಾಕಿಕೊಳ್ಳಿ. ಒಳಗಿಟ್ಟರೆ ಮೈಯ ತೇವ ಲೆನ್ಸ್ ಮೇಲೆ ಕೂರುತ್ತದೆ. ನೋಡುವಾಗ ಉಸಿರನ್ನು ಕೆಳಮುಖವಾಗಿ ಬಿಡಿ, ಮಫ್ಲರ್ ಮೂಗಿನ ಮೇಲಿದ್ದರೆ ಕೆಳಗೆ ಸರಿಸಿ. ಇಲ್ಲದಿದ್ದರೆ ಪ್ರತಿ ಉಸಿರಿಗೂ ಗಾಜು ಮಬ್ಬಾಗುತ್ತದೆ.

ಹಂತ 4: ಮೊದಲು ಬಿಸಿಲು ಬಿದ್ದ ಮರಗಳ ಅಂಚು

ಎಲ್ಲರೂ ಗೇಟು ದಾಟಿ ನೇರ ಕೆರೆಗೆ ಹೋಗುತ್ತಾರೆ. ಹೋಗಬೇಡಿ. ಬಾತುಗಳು ಹನ್ನೊಂದು ಗಂಟೆಗೂ ಅಲ್ಲೇ ಇರುತ್ತವೆ, ಸಣ್ಣ ಹಕ್ಕಿಗಳು ಕಾಯುವುದಿಲ್ಲ.

ಚಳಿಗಾಲದ ಸೂರ್ಯ ಆಗ್ನೇಯದಲ್ಲಿ, ತುಂಬ ಕೆಳಗೆ ಹುಟ್ಟುತ್ತಾನೆ. ಆ ದಿಕ್ಕಿಗೆ ಮುಖ ಮಾಡಿದ ಮರಗಳ ಸಾಲು ಅಥವಾ ತೋಪಿನ ಅಂಚು ಹುಡುಕಿ. ಸೂರ್ಯ ನಿಮ್ಮ ಬೆನ್ನಿಗಿರಲಿ. ಅಲ್ಲಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ, ಮರವೋ ಬೆಂಚೋ ಹಿಂದಿರುವ ಹಾಗೆ ನಿಂತುಕೊಳ್ಳಿ. ಸುಮ್ನೆ ನಿಂತುಕೊಳ್ಳಿ. ಕಡಿಮೆ ಅಂದರೆ ಹದಿನೈದು ನಿಮಿಷ.

ಈ ನಿಲ್ಲುವುದನ್ನೇ ಯಾರೂ ಮಾಡುವುದಿಲ್ಲ. ಐದು ನಿಮಿಷ ನೋಡಿ, ಇಲ್ಲಿ ಏನೂ ಇಲ್ಲ ಅಂತ ಹೊರಟುಬಿಡುತ್ತಾರೆ. ಚಳಿಗಾಲದಲ್ಲಿ ಬ್ಲೂ ಟಿಟ್, ಗ್ರೇಟ್ ಟಿಟ್, ಉದ್ದ ಬಾಲದ ಲಾಂಗ್‌ಟೇಲ್ಡ್ ಟಿಟ್ ಎಲ್ಲ ಸೇರಿ ಒಂದೇ ಗುಂಪಾಗಿ ಮರದಿಂದ ಮರಕ್ಕೆ ತಿನ್ನುತ್ತಾ ಸಾಗುತ್ತವೆ. ಜೊತೆಗೆ ಗೋಲ್ಡ್‌ಕ್ರೆಸ್ಟ್, ಟ್ರೀಕ್ರೀಪರ್, ನಟ್‌ಹ್ಯಾಚ್ ಕೂಡ ಸೇರಿಕೊಂಡಿರುತ್ತವೆ. ಜಾತ್ರೆಯ ತೇರು ಬೀದಿಗೆ ಬಂದ ಹಾಗೆ, ಬರುವವರೆಗೆ ಬೀದಿ ಖಾಲಿ, ಬಂದರೆ ಕಣ್ಣು ಸಾಲದು. ಮೊದಲು ಲಾಂಗ್‌ಟೇಲ್ಡ್ ಟಿಟ್‌ಗಳ ತೆಳುವಾದ ಸೀ ಸೀ ಸೀ ಕೇಳುತ್ತದೆ. ಕೇಳಿದ ಕೂಡಲೇ ಆ ಕಡೆ ಓಡಬೇಡಿ. ಯಾವ ದಿಕ್ಕಿಗೆ ಹೋಗುತ್ತಿವೆ ನೋಡಿ, ನಾಲ್ಕು ಮರ ಮುಂದೆ ಹೋಗಿ ಕಾಯಿರಿ.

ಕಾಂಡದ ಮೇಲೆ ಕಂದು ಬಣ್ಣದ ಇಲಿಮರಿಯಂಥದ್ದು ಬುಡದಿಂದ ಸುತ್ತಿಕೊಂಡು ಮೇಲೇರಿದರೆ ಅದು ಟ್ರೀಕ್ರೀಪರ್. ಅದು ತಲೆಕೆಳಗಾಗಿ ಇಳಿಯುವುದಿಲ್ಲ, ಮುಂದಿನ ಮರದ ಬುಡಕ್ಕೆ ಹಾರುತ್ತದೆ. ತಲೆಕೆಳಗಾಗಿ ಇಳಿಯುತ್ತಿದ್ದರೆ ನಟ್‌ಹ್ಯಾಚ್, ಬೆನ್ನು ಬೂದು ನೀಲಿ.

ಗಿಳಿಗಳ ಗಲಾಟೆ ಇದ್ದೇ ಇರುತ್ತದೆ. ಹೌದು, ನಮ್ಮ ಊರಿನ ಅದೇ ಗಿಳಿ, ಕುತ್ತಿಗೆಗೆ ಗುಲಾಬಿ ಪಟ್ಟಿಯದ್ದು, ಇಲ್ಲಿಯ ಪಾರ್ಕುಗಳಲ್ಲಿ ನೆಲೆನಿಂತು ಫ್ರಾಸ್ಟಿಗೂ ಜಗ್ಗದೆ ಕಿರುಚಾಡುತ್ತದೆ. ಅವು ಕೂತ ಮರದ ಕೆಳಗೆ ನಿಂತರೆ ಬೇರೇನೂ ಕೇಳಿಸುವುದಿಲ್ಲ, ಜಾಗ ಬದಲಿಸಿ.

ಹಂತ 5: ಹಾಲಿ ಮತ್ತು ಯೂ ಮರಗಳ ಕೆಳಗೆ

ಒಂಬತ್ತೂಕಾಲಿನ ಹೊತ್ತಿಗೆ ಕೆಂಪು ಹಣ್ಣಿನ ಹಾಲಿ ಗಿಡಗಳತ್ತ ಹೋಗಿ. ಗಿಡದ ತುಂಬ ಹಣ್ಣು ಇನ್ನೂ ಉಳಿದಿದ್ದರೆ ಅದರ ತುದಿಯಲ್ಲಿ ಚುಕ್ಕೆ ಎದೆಯ ಮಿಸಲ್ ಥ್ರಷ್ ಹಕ್ಕಿ ಇದೆಯಾ ನೋಡಿ. ಇಡೀ ಗಿಡವನ್ನು ತನ್ನದೇ ಆಸ್ತಿಯಂತೆ ಕಾಯುತ್ತದೆ, ಬೇರೆ ಹಕ್ಕಿ ಬಂದರೆ ಗಿರಗಟ್ಟೆ ತಿರುಗಿಸಿದಂಥ ಸದ್ದು ಮಾಡಿ ಓಡಿಸುತ್ತದೆ.

ಆಮೇಲೆ ನೆಲ ನೋಡಿ. ಹಾಲಿ, ಯೂ ಥರದ ದಟ್ಟ ಗಿಡಗಳ ಕೆಳಗಿನ ತರಗೆಲೆಯ ಅಡಿ ಮಣ್ಣು ಬೇಗ ಗಟ್ಟಿಯಾಗುವುದಿಲ್ಲ, ಹುಳ ಸಿಗುತ್ತದೆ. ಎಲೆ ತಿರುವಿಹಾಕುವ ಚರಚರ ಸದ್ದು ಬಂದರೆ ನಿಲ್ಲಿ. ಇಲಿ ಅಂತ ಮುಂದೆ ಹೋಗಬೇಡಿ, ಬಹುತೇಕ ಬ್ಲ್ಯಾಕ್‌ಬರ್ಡ್ ಇರುತ್ತದೆ, ಅದೃಷ್ಟ ಇದ್ದರೆ ರೆಡ್‌ವಿಂಗ್. ರೆಡ್‌ವಿಂಗ್‌ಗಳು ಸ್ಕ್ಯಾಂಡಿನೇವಿಯಾ, ಐಸ್‌ಲ್ಯಾಂಡ್ ಕಡೆಯಿಂದ ಚಳಿಗಾಲಕ್ಕೆ ಬರುವಂಥವು. ಮೊದಲು ಹಣ್ಣು ಮುಗಿಸುತ್ತವೆ, ಆಮೇಲೆ ನೆಲಕ್ಕಿಳಿಯುತ್ತವೆ. ಹಾಗಾಗಿ ಡಿಸೆಂಬರಿನಲ್ಲಿ ಗಿಡದ ಮೇಲೆ, ಜನವರಿ ಕೊನೆಗೆ ಕೆಳಗೆ ಹುಡುಕಿ.

ರಾಬಿನ್ ಹುಡುಕಬೇಕಿಲ್ಲ, ಅದೇ ನಿಮ್ಮನ್ನು ಹುಡುಕಿಕೊಂಡು ಬರುತ್ತದೆ. ಚಳಿಗಾಲದಲ್ಲಿ ಗಂಡು ಹೆಣ್ಣು ಎರಡೂ ಬೇರೆ ಬೇರೆ ಗಡಿ ಹಾಕಿಕೊಂಡು ಹಾಡುತ್ತವೆ. ಮೋಡ ಕವಿದ ಮಬ್ಬು ಬೆಳಿಗ್ಗೆ ಯಾವುದಾದರೂ ಹಕ್ಕಿ ಹಾಡುತ್ತಿದ್ದರೆ ಮೊದಲು ರಾಬಿನ್ ಅಂತಲೇ ಊಹಿಸಿ.

ಹಂತ 6: ಕೆರೆ

ಹತ್ತು ಗಂಟೆ. ಕೆರೆ ಅರ್ಧ ಹೆಪ್ಪುಗಟ್ಟಿದ್ದರೆ ಕೆಲಸ ಸುಲಭ, ಬಾತುಗಳೆಲ್ಲ ಉಳಿದ ನೀರಿನಲ್ಲಿ ಒತ್ತೊತ್ತಾಗಿ ಸೇರಿರುತ್ತವೆ. ಕಾರಂಜಿ ಇರುವ ಕಡೆ, ತೊರೆ ಬಂದು ಸೇರುವ ಬಾಯಿ, ಸೇತುವೆಯ ಕೆಳಗೆ ನೀರು ಕೊನೆಗೆ ಗಟ್ಟಿಯಾಗುತ್ತದೆ. ಮಿಂಚುಳ್ಳಿ ನೋಡಬೇಕಿದ್ದರೂ ಹರಿಯುವ ನೀರಿಗೇ ಹೋಗಿ, ಕೆರೆ ಮುಚ್ಚಿದ ಮೇಲೆ ಅದಕ್ಕೆ ಮೀನು ಸಿಗುವ ಜಾಗ ಅದೊಂದೇ. ಅಲ್ಲೇ ದಡದಲ್ಲಿ ಬಾಲ ಕುಣಿಸುತ್ತಾ ಹಳದಿ ಹೊಟ್ಟೆಯ ಹಕ್ಕಿ ಓಡಾಡುತ್ತಿದ್ದರೆ ಬೂದು ಸಿಪಿಲೆ, ಮಲೆನಾಡಿನ ಹಳ್ಳಗಳಿಗೆ ಚಳಿಗಾಲದಲ್ಲಿ ಬರುವ ಅದೇ ಜಾತಿ.

ಬಾತುಗಳನ್ನು ಎಡದಿಂದ ಬಲಕ್ಕೆ ಒಂದೊಂದಾಗಿ ನೋಡಿ. ಹಸಿರು ತಲೆಯ ಮ್ಯಾಲರ್ಡ್ ನಡುವೆ ಬೂದು ಮೈ, ಕಪ್ಪು ಹಿಂಭಾಗದ್ದು ಕಂಡರೆ ಗ್ಯಾಡ್‌ವಾಲ್ ಗಂಡು. ದೊಡ್ಡ ಚಮಚದಂಥ ಕೊಕ್ಕಿದ್ದರೆ ಶವಲರ್. ಕಪ್ಪು ಬಿಳಿ ಮೈ, ತಲೆಯ ಹಿಂದೆ ಜೋಲುವ ಜುಟ್ಟು, ಪದೇ ಪದೇ ಮುಳುಗಿದರೆ ಟಫ್ಟೆಡ್ ಡಕ್. ಹಣೆ ಬಿಳಿ ಇದ್ದರೆ ನಮ್ಮ ನಾಮದ ಕೋಳಿ, ಇಲ್ಲಿ ಕೂಟ್ ಅನ್ನುತ್ತಾರೆ. ಅದೇ ಥರದ್ದಕ್ಕೆ ಹಣೆ ಕೆಂಪಿದ್ದರೆ ಮೂರ್‌ಹೆನ್.

ದಡದಲ್ಲಿ ಪುಟ್ಟ ಕಂದು ಕಾಯಿಗಳು ನೇತಾಡುವ ಆಲ್ಡರ್ ಮರ ಇದ್ದರೆ ಅದರ ತುದಿ ನೋಡದೆ ಬರಬೇಡಿ. ಸಿಸ್ಕಿನ್, ಗೋಲ್ಡ್‌ಫಿಂಚ್ ಗುಂಪುಗಳು ತಲೆಕೆಳಗಾಗಿ ಜೋತು ಬೀಜ ಕೀಳುತ್ತಿರುತ್ತವೆ. ಸದ್ದು ಕಡಿಮೆ, ಎಲ್ಲರೂ ಬಾತು ನೋಡುತ್ತಾ ಅದರ ಕೆಳಗೇ ನಿಂತಿರುತ್ತಾರೆ.

ಸೇಂಟ್ ಜೇಮ್ಸ್ ಪಾರ್ಕಿಗೆ ಹೋಗುವವರಿಗೆ ಒಂದು ಮಾತು. ಅಲ್ಲಿನ ಹೆಜ್ಜಾರ್ಲೆಗಳನ್ನು ನೋಡಿ ಕೊಕ್ಕರೆ ಬೆಳ್ಳೂರು ನೆನಪಾಗಬಹುದು, ಆದರೆ ಅವು ಹಾರಿ ಬಂದವಲ್ಲ, ಸಾಕಿದವು. ಅಲ್ಲಿ ಬೇರೆ ದೇಶಗಳ ಬಾತುಗಳ ಸಂಗ್ರಹವೂ ಇದೆ. ವಿಚಿತ್ರ ಬಣ್ಣದ ಬಾತು ಕಂಡು ಪುಸ್ತಕದಲ್ಲಿ ಸಿಗದಿದ್ದರೆ ತಲೆಕೆಡಿಸಿಕೊಳ್ಳಬೇಡಿ, ಪಟ್ಟಿಗೂ ಸೇರಿಸಬೇಡಿ.

ಹಂತ 7: ಕೊನೆಗೆ ಹುಲ್ಲು

ಹತ್ತೂವರೆ ಹೊತ್ತಿಗೆ ಬಿಸಿಲು ಬೀಳುವ ಕಡೆ ಫ್ರಾಸ್ಟ್ ಕರಗಿ ಹುಲ್ಲು ಹಸಿರಾಗುತ್ತದೆ, ಮರದ ನೆರಳು ಮಾತ್ರ ಬಿಳಿಯಾಗಿ ಉಳಿಯುತ್ತದೆ. ಹಸಿರು ಬಿಳಿ ಸೇರುವ ಗೆರೆಯ ಉದ್ದಕ್ಕೂ ಬೈನಾಕ್ಯುಲರ್ ಓಡಿಸಿ. ಮೈನಾದ ನೆಂಟ ಸ್ಟಾರ್ಲಿಂಗ್, ರೆಡ್‌ವಿಂಗ್, ಹಸಿರು ಮರಕುಟಿಗ ಎಲ್ಲ ಆ ಗೆರೆಯ ಹಿಂದೆಯೇ ಮೇಯುತ್ತವೆ. ಈ ಮರಕುಟಿಗಕ್ಕೆ ಇರುವೆ ಬೇಕು, ಮರಕ್ಕಿಂತ ನೆಲದ ಮೇಲೆಯೇ ಜಾಸ್ತಿ ಸಿಗುತ್ತದೆ. ಎಂಟೂವರೆಗೆ ಇದೇ ಹುಲ್ಲನ್ನು ನೋಡಿದ್ದರೆ ಕಾಗೆ ಬಿಟ್ಟು ಏನೂ ಇರುತ್ತಿರಲಿಲ್ಲ, ಅದಕ್ಕೇ ಇದು ಕೊನೆಗೆ.

ಕತ್ತರಿಸಿ ಅಂದ ಮಾಡಿದ ಲಾನ್ ಮೇಲೆ ಫ್ರಾಸ್ಟ್ ಇದ್ದಾಗ ನಡೆಯಬೇಡಿ. ಹೆಪ್ಪುಗಟ್ಟಿದ ಹುಲ್ಲು ಕಾಲಿಗೆ ಸಿಕ್ಕಿ ಮುರಿಯುತ್ತದೆ, ಹೆಜ್ಜೆ ಗುರುತು ಕಂದು ಕಲೆಯಾಗಿ ಉಳಿಯುತ್ತದೆ.

ಗುರುತಿಸುವಾಗ ಎಲ್ಲರೂ ಎಡವುವ ಕಡೆ

ಬ್ಲ್ಯಾಕ್‌ಹೆಡೆಡ್ ಗಲ್ ಎಂಬ ಕಡಲಹಕ್ಕಿಗೆ ಚಳಿಗಾಲದಲ್ಲಿ ಕಪ್ಪು ತಲೆ ಇರುವುದಿಲ್ಲ. ಬಿಳಿ ತಲೆ, ಕಣ್ಣಿನ ಹಿಂದೆ ಒಂದು ಕಪ್ಪು ಚುಕ್ಕೆ, ಅಷ್ಟೇ. ಹೆಣ್ಣು ಬ್ಲ್ಯಾಕ್‌ಬರ್ಡ್ ಕಪ್ಪಲ್ಲ, ಕಂದು, ಎದೆಯಲ್ಲಿ ಮಸುಕು ಗೆರೆ. ಅದನ್ನು ಥ್ರಷ್ ಅಂತ ಬರೆದುಕೊಂಡು ಬರುವವರು ಬಹಳ. ರೆಡ್‌ವಿಂಗ್‌ಗೆ ಕಣ್ಣಿನ ಮೇಲೆ ದಪ್ಪ ಕೆನೆ ಬಣ್ಣದ ಹುಬ್ಬು, ರೆಕ್ಕೆಯ ಕೆಳಗೆ ಪಕ್ಕೆಯಲ್ಲಿ ಇಟ್ಟಿಗೆ ಕೆಂಪು. ಈ ಎರಡೂ ಇಲ್ಲದ ಚುಕ್ಕೆ ಎದೆಯದ್ದು ಬಹುತೇಕ ಸಾಂಗ್ ಥ್ರಷ್ ಅಥವಾ ಮಿಸಲ್ ಥ್ರಷ್.

ಕೂಗು ಕೇಳಿ ಹೆಸರು ಹೇಳುವ ಮರ್ಲಿನ್ ಆಪ್ ಒಳ್ಳೆಯದೇ. ಆದರೆ ಅದು ಹೇಳಿದ್ದು ಸುಳಿವು ಮಾತ್ರ. ಸ್ಟಾರ್ಲಿಂಗ್ ಬೇರೆ ಹಕ್ಕಿಗಳ ದನಿ ಅನುಕರಿಸುತ್ತದೆ, ಗ್ರೇಟ್ ಟಿಟ್‌ಗೆ ಲೆಕ್ಕವಿಲ್ಲದಷ್ಟು ಕೂಗು. ಕಣ್ಣಿಗೆ ಕಾಣದ್ದನ್ನು ಬರೆಯಬೇಡಿ. ಫೋನಿನಿಂದ ಹಕ್ಕಿಯ ಹಾಡು ನುಡಿಸಿ ಕರೆಯುವುದಂತೂ ಬೇಡವೇ ಬೇಡ. ತಿನ್ನಬೇಕಾದ ಹೊತ್ತಿನಲ್ಲಿ ಅದು ಇಲ್ಲದ ಶತ್ರುವನ್ನು ಹುಡುಕುತ್ತಾ ಶಕ್ತಿ ಕಳೆದುಕೊಳ್ಳುತ್ತದೆ.

ಎಚ್ಚರಿಕೆಯ ಸೂಚನೆಗಳು

ನೆಲ: ಟಾರ್ ದಾರಿ ಒದ್ದೆಯಂತೆ ಹೊಳೆಯುತ್ತಿದ್ದು, ರಾತ್ರಿ ಸೊನ್ನೆಗಿಂತ ಕೆಳಗಿದ್ದರೆ ಅದು ನೀರಲ್ಲ, ಬ್ಲ್ಯಾಕ್ ಐಸ್, ಅಂದರೆ ಕಣ್ಣಿಗೆ ಕಾಣದಷ್ಟು ತೆಳುವಾದ ಮಂಜುಗಡ್ಡೆ. ಮರದ ಹಲಗೆಯ ಸೇತುವೆ, ನೆರಳಿನ ಇಳಿಜಾರು ಇನ್ನೂ ಅಪಾಯ. ಸಣ್ಣ ಹೆಜ್ಜೆ ಇಡಿ, ಕೈ ಜೇಬಿನಿಂದ ಹೊರಗಿರಲಿ, ನಡೆಯುತ್ತಾ ಬೈನಾಕ್ಯುಲರ್ ನೋಡಬೇಡಿ.

ಕೆರೆ: ಐಸ್ ಮೇಲೆ ಕಾಲಿಡಬೇಡಿ, ಮಕ್ಕಳನ್ನೂ ಬಿಡಬೇಡಿ. ಬಾತು, ಹಂಸ ಅದರ ಮೇಲೆ ನಡೆಯುತ್ತವೆ ಅಂದರೆ ಮನುಷ್ಯನ ಭಾರ ತಡೆಯುತ್ತದೆ ಅಂತಲ್ಲ. ಯಾರಾದರೂ ಅಥವಾ ನಾಯಿ ಬಿದ್ದರೂ ಹಿಂದೆ ಇಳಿಯದೆ 999ಕ್ಕೆ ಫೋನ್ ಮಾಡಿ.

ನಿಮ್ಮ ಮೈ: ಬೆರಳು ನೋಯುವುದು ಮಾಮೂಲು. ನೋವು ನಿಂತು ಮರಗಟ್ಟಿ ಚರ್ಮ ಬಿಳಿಚಿಕೊಂಡರೆ ಒಳಗೆ ಹೋಗುವ ಹೊತ್ತು. ಜೊತೆಗಿರುವ ಹಿರಿಯರು ನಡುಗುತ್ತಾ ಮಾತು ತೊದಲಿದರೆ, ಹೆಜ್ಜೆ ತಪ್ಪಿದರೆ ಹಕ್ಕಿ ಬಿಟ್ಟು ತಕ್ಷಣ ಬೆಚ್ಚಗಿನ ಜಾಗಕ್ಕೆ ಕರೆದೊಯ್ದು ವೈದ್ಯಕೀಯ ಸಹಾಯ ಕೇಳಿ.

ಹಕ್ಕಿಗಳದ್ದು: ಪುಕ್ಕ ಉಬ್ಬಿಸಿ ಚೆಂಡಿನಂತೆ ಕೂತಿದ್ದರೆ ಗಾಬರಿ ಬೇಡ, ಚಳಿಗೆ ಹಾಗೆಯೇ. ಹತ್ತಿರ ಹೋದರೂ ಅಲ್ಲಾಡದಿದ್ದರೆ ಕಾಯಿಲೆ ಇರಬಹುದು. ಹಕ್ಕಿಜ್ವರದ ಕಾರಣಕ್ಕೆ ಸತ್ತ ಅಥವಾ ಕಾಯಿಲೆಯ ಹಕ್ಕಿಯನ್ನು ಮುಟ್ಟಬೇಡಿ, ಸರ್ಕಾರದ ವೆಬ್‌ಸೈಟಿನಲ್ಲಿ ತಿಳಿಸಬಹುದು. ತಿನ್ನುತ್ತಿದ್ದ ಹಕ್ಕಿ ತಲೆ ಎತ್ತಿ ನಿಮ್ಮನ್ನೇ ನೋಡಿದರೆ ನೀವು ಜಾಸ್ತಿ ಹತ್ತಿರ ಬಂದಿರಿ ಅಂತ ಅರ್ಥ, ಎರಡು ಹೆಜ್ಜೆ ಹಿಂದೆ ಸರಿಯಿರಿ. ಎಲ್ಲ ಹಕ್ಕಿಗಳೂ ಒಮ್ಮೆಗೇ ಸುಮ್ಮನಾದರೆ ಮೇಲೆ ನೋಡಿ, ಬಿಜ್ಜು ಜಾತಿಯ ಬೇಟೆಹಕ್ಕಿ ಸ್ಪ್ಯಾರೋಹಾಕ್ ಹತ್ತಿರದಲ್ಲೇ ಇರಬಹುದು.

ರಿಚ್‌ಮಂಡ್, ಬುಶಿ ಪಾರ್ಕುಗಳಲ್ಲಿ ಜಿಂಕೆಗಳಿಂದ ಕಡಿಮೆ ಅಂದರೆ 50 ಮೀಟರ್ ದೂರ ಇರಬೇಕು. ಹಕ್ಕಿಯ ಹಿಂದೆ ಹೋಗುತ್ತಾ ಮಂದೆಯ ನಡುವೆ ಸಿಕ್ಕಿಕೊಳ್ಳಬೇಡಿ.

ಹಂತ 8: ಮನೆಗೆ ಬಂದ ಮೇಲೆ

ಬೈನಾಕ್ಯುಲರನ್ನು ಬಾಗಿಲಲ್ಲೇ ಚೀಲಕ್ಕೆ ಹಾಕಿ ಜಿಪ್ ಎಳೆಯಿರಿ, ಒಂದು ಗಂಟೆ ತೆಗೆಯಬೇಡಿ. ತಣ್ಣಗಿನ ಗಾಜಿಗೆ ಮನೆಯ ಬೆಚ್ಚಗಿನ ಗಾಳಿ ತಗುಲಿದರೆ ನೀರು ಕೂರುತ್ತದೆ, ಅಗ್ಗದ ಬೈನಾಕ್ಯುಲರ್‌ಗಳಲ್ಲಿ ಒಳಗೂ ಸೇರುತ್ತದೆ. ದಾರಿಯಲ್ಲಿ ಕಾಫಿಗೆ ಅಂತ ಕೆಫೆಗೆ ಹೋದರೂ ಇದೇ ನಿಯಮ.

ಪಟ್ಟಿ ಅವತ್ತೇ ಬರೆಯಿರಿ: ಯಾವ ಜಾಗ, ಎಷ್ಟು ಹೊತ್ತಿಗೆ, ಯಾವ ಹಕ್ಕಿ, ಎಷ್ಟು. ಒಂದೇ ಹಕ್ಕಿಯನ್ನು ನಾಲ್ಕು ಸಲ ಎಣಿಸದಿರಲು ಒಂದು ಜಾಗದಲ್ಲಿ ಒಟ್ಟಿಗೆ ಕಂಡ ಅತಿ ಹೆಚ್ಚು ಸಂಖ್ಯೆಯನ್ನಷ್ಟೇ ಬರೆದುಕೊಳ್ಳಿ. ಜನವರಿ ಕೊನೆಯ ವಾರಾಂತ್ಯದಲ್ಲಿ ಆರ್‌ಎಸ್‌ಪಿಬಿ ಎಂಬ ಹಕ್ಕಿ ಸಂರಕ್ಷಣೆಯ ಸಂಸ್ಥೆ ನಡೆಸುವ ಬಿಗ್ ಗಾರ್ಡನ್ ಬರ್ಡ್‌ವಾಚ್ ಎಣಿಕೆಯಲ್ಲೂ ಇದೇ ನಿಯಮ. ಒಂದು ಗಂಟೆ ಒಂದು ಜಾಗದಲ್ಲಿ ನಿಂತು, ಇಳಿದು ಕೂತ ಹಕ್ಕಿಗಳನ್ನು ಮಾತ್ರ ಎಣಿಸಬೇಕು. ಮನೆಗೆ ತೋಟ ಇಲ್ಲದಿದ್ದರೆ ಹತ್ತಿರದ ಪಾರ್ಕಿನಿಂದಲೂ ಸೇರಬಹುದು, ಹಂತ 4ರ ಜಾಗ ಅದಕ್ಕೆ ಸರಿಹೋಗುತ್ತದೆ.